ಗುರುಬಸಮ್ಮನ ನಾಯಿಯ ಹದಿನೈದು ದಿನ

೧೮೮೯ ಜನವರಿ ೮, ಮಂಗಳವಾರ. ಸಿರುಗುಪ್ಪ

ಇವತ್ತು ದಾಕು ಹಾಕಿದ ಮಕ್ಕಳು ಮೂರು. ಮೈಮೇಲೆ ಬಂದ ನಾಯಿಗಳು ಏಳು. ಮಾಡಿದ ಸ್ನಾನ ನಾಲ್ಕು.

ಮಕ್ಕಳ ತೋಳಿಗೆ ದಾಕಿನ ಎರಡು ಗೀರು ಹಾಕಿ ಸಿಡುಬಿನಿಂದ ಉಳಿಸಿ ಬಾ ಎಂದು ಸರ್ಕಾರ ನನ್ನನ್ನು ಊರೂರಿಗೆ ಅಟ್ಟಿದೆ. ಗೀರು ಹಾಕಬೇಕಾದರೆ ಮನೆಯೊಳಕ್ಕೆ ಹೋಗಬೇಕು. ಮನೆಯೊಳಕ್ಕೆ ಹೋಗಬೇಕಾದರೆ ಅಂಗಳ ದಾಟಬೇಕು. ಅಂಗಳದಲ್ಲಿ ನಾಯಿ ಇರುತ್ತದೆ. ಕಚೇರಿಯಲ್ಲಿ ಕೂತು ಸರ್ಕ್ಯುಲರ್ ಬರೆಯುವ ಮಹಾನುಭಾವರಿಗೆ ಈ ಕಡೆಯ ಸಂಗತಿ ಗೊತ್ತೇ ಇಲ್ಲ. ನಾಯಿ ಮುಟ್ಟಿದರೆ ಸ್ನಾನವಾಗದೆ ನಾನು ಎಲೆಯ ಮುಂದೆ ಕೂಡುವವನಲ್ಲ. ಈ ಚಳಿಯಲ್ಲಿ ತುಂಗಭದ್ರೆಯ ನೀರು ದಿನಕ್ಕೆ ನಾಲ್ಕು ಸಲ! ಮೂಗು ಸೋರಿ ಸೋರಿ ಕೆಂಪಾಗಿದೆ. ನಾಯಿ ಹರಿದ ಧೋತರಕ್ಕೆ ಹಾಕಿದ ಹೊಲಿಗೆ ನೋಡಿದರೆ ನನ್ನ ಹೆಂಡತಿ ಅಂಬುಜಾ ನನ್ನನ್ನು ಮನೆಯೊಳಗೇ ಬಿಟ್ಟುಕೊಳ್ಳಲಿಕ್ಕಿಲ್ಲ.

ಮಧ್ಯಾಹ್ನ ಕುಂಬಾರರ ಓಣಿಯಲ್ಲಿ ಒಬ್ಬನನ್ನು ನೋಡಿದೆ. ಒಂದೂವರೆ ತಿಂಗಳ ಹಿಂದೆ ಹುಚ್ಚುನಾಯಿ ಕಚ್ಚಿತ್ತಂತೆ. ನೀರಿನ ಚಂಬು ಕಂಡರೆ ಸಾಕು, ಕಿರುಚುತ್ತಿದ್ದ. ಅವನ ಹೆಂಡತಿ ಚಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದಳು. ಸಂಜೆಗೆ ತೀರಿಕೊಂಡ.

ಬಳ್ಳಾರಿಯ ತಹಸೀಲ್ದಾರರಿಗೆ ಅರ್ಜಿ ಬರೆದೆ. ನನ್ನ ಮುಂದಿನ ಕ್ಯಾಂಪು ಕುರುಗೋಡು. ಅಲ್ಲಿ ಕಟ್ಟದೆ ಬಿಟ್ಟ ನಾಯಿಗಳನ್ನೂ ಕಚ್ಚುವ ನಾಯಿಗಳನ್ನೂ ಒಂದೂ ಬಿಡದೆ ಕೊಲ್ಲಿಸಬೇಕೆಂದು ಐದು ಹಾಳೆ ತುಂಬಿಸಿದೆ. ಆಮೇಲೆ ಸ್ವಲ್ಪ ಸಮಾಧಾನವಾಯಿತು.

ಜನವರಿ ೧೭, ಗುರುವಾರ. ಕುರುಗೋಡು

ಅರ್ಜಿಗೆ ಉತ್ತರವಿಲ್ಲ. ನಾಯಿಗಳು ಸುಖವಾಗಿವೆ.

ಇಳಿದುಕೊಂಡಿರುವುದು ನಮ್ಮವರೇ ಆದ ತಿರುಮಲಮ್ಮನವರ ಮನೆ. ವಯಸ್ಸಾದ ಹೆಂಗಸು, ಅನ್ನ ಹಾಕುವ ಕೈ ದೊಡ್ಡದು, ಮಡಿ ಅದಕ್ಕಿಂತ ದೊಡ್ಡದು. ಹೊಸಲಿನಲ್ಲೇ ತಡೆದು, "ಜಯತೀರ್ಥಾ, ನಾಯಿ ಮುಟ್ಟಿಸ್ಕೊಂಡು ಬಂದೀಯೇನು? ಹಿತ್ತಲಾಗ ಬಾವಿ ಅದ, ಮೊದಲ ಅಲ್ಲಿಗೆ ನಡಿ" ಎನ್ನುತ್ತಾರೆ. ಇವತ್ತು ಎರಡು ಸಲ ನಡೆದೆ.

ಊರ ತಳವಾರ ದುರುಗಪ್ಪ ಒಂದು ಉಪಾಯ ಹೇಳಿದ. "ಸ್ವಾಮಿ, ನಾ ಮುಂದ ಹಲಗಿ ಬಡಕೋತ ಹೋಗ್ತೀನ್ರಿ. ಸೂಜಿ ಸ್ವಾಮಿ ಬರಾಕ ಹತ್ಯಾರ, ನಾಯಿ ಕಟ್ರಿ ಅಂತ ಒದರ್ತೀನಿ. ಒಂದ ನಾಯಿ ನಿಮ್ಮ ತಂಟಿಗೆ ಬಂದ್ರ ನನ್ನ ಕೇಳ್ರಿ."

ಬಡಿದ. ನಾಯಿಗಳನ್ನೆಲ್ಲ ಕಟ್ಟಿದ್ದರು, ಅದು ನಿಜ. ಹಲಗೆಯ ಸದ್ದು ಕೇಳಿದ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಕೋಟೆಯ ಗುಡ್ಡ ಹತ್ತಿಬಿಟ್ಟಿದ್ದರು, ಅದೂ ನಿಜ. ಮನೆಮನೆಯಲ್ಲೂ ಒಬ್ಬೊಬ್ಬ ಮುದುಕಿ. "ಕೂಸುಗಳಾ? ನಮ್ಮನ್ಯಾಗ ಎಲ್ಲದಾವ್ರಿ ಕೂಸು" ಎಂದು ಒಬ್ಬಳು ಹೇಳುವಾಗ ಅವಳ ಹಿಂದೆ ತೊಟ್ಟಿಲು ಇನ್ನೂ ತೂಗುತ್ತಿತ್ತು.

ಜನವರಿ ೧೮, ಶುಕ್ರವಾರ

ಹಲಗೆ ಬೇಡವೆಂದೆ. ತಾಯಂದಿರು ಮನೆಯಲ್ಲಿದ್ದರು. ನಾಯಿಗಳೂ ಇದ್ದವು.

ಬಸವಣ್ಣನ ಗುಡಿಯ ಓಣಿಯಲ್ಲಿ ಒಂದು ಕಟ್ಟೆ ಹತ್ತಿ ಅರ್ಧ ಗಂಟೆ ನಿಂತಿದ್ದೆ. ಕೆಳಗೆ ಮೂರು ನಾಯಿ. ಕೊಡೆ ಬೀಸಿದೆ, ಕೊಡೆಯನ್ನು ಕಿತ್ತುಕೊಂಡು ಹೋದವು. ಊರಿನ ಗಂಡಸರು ನಿಂತು ನೋಡಿದರು. ಒಬ್ಬ "ಓಡಬ್ಯಾಡ್ರಿ" ಎಂದ, ಇನ್ನೊಬ್ಬ "ಓಡ್ರಿ" ಎಂದ. ಹಲಗೆ ಬಡಿದರೆ ಮಕ್ಕಳಿಲ್ಲ, ಬಡಿಯದಿದ್ದರೆ ನನಗೆ ಕಾಲಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ಇಂಥ ದರಿದ್ರ ಊರು ಕಂಡಿಲ್ಲ.

ಜನವರಿ ೧೯, ಶನಿವಾರ

ಕಚ್ಚಿತು.

ಎಡಗಾಲಿನ ಮೀನಖಂಡ. ನಾಲ್ಕು ಹಲ್ಲು ಆಳವಾಗಿ ಇಳಿದಿವೆ. ಮುಂಬಾಗಿಲಿಗೆ ಹೋದರೆ ಮಗುವನ್ನು ಬಚ್ಚಿಡುತ್ತಾರೆಂದು, ಗುರುಬಸಮ್ಮನೆಂಬ ಒಕ್ಕಲಗಿತ್ತಿಯ ಮನೆಗೆ ಹಿಂದಿನಿಂದ, ದನದ ಕೊಟ್ಟಿಗೆಯ ಸಂದಿನಿಂದ ನುಗ್ಗಿದ್ದೆ. ಮೂಲೆಯ ಹುಲ್ಲಿನಲ್ಲಿ ಕೆಂಪು ನಾಯಿ ಮಲಗಿತ್ತು. ಬೊಗಳಲೂ ಇಲ್ಲ, ನೇರವಾಗಿ ಬಂದು ಹಿಡಿಯಿತು.

ದುರುಗಪ್ಪ ಒಣಮೆಣಸಿನಕಾಯಿ ಅರೆದು ಗಾಯಕ್ಕೆ ಮೆತ್ತಿದ. ನಾನು ಯಾರಿಗೆ ಏನೇನು ಬೈದೆನೋ ನೆನಪಿಲ್ಲ. ತಿರುಮಲಮ್ಮನವರು ಕಿವಿ ಮುಚ್ಚಿಕೊಂಡರು.

ಜನವರಿ ೨೧, ಸೋಮವಾರ. ಬಳ್ಳಾರಿ

ಗಾಡಿ ಮಾಡಿಕೊಂಡು ಬಂದೆ. ಕಂಟೋನ್ಮೆಂಟಿನ ಡಾಕ್ಟರು ಗಾಯವನ್ನು ಔಷಧಿಯಿಂದ ಸುಟ್ಟರು. ಆಮೇಲೆ ಕೈ ತೊಳೆದುಕೊಳ್ಳುತ್ತ ನಾಯಿ ಎಲ್ಲಿ ಎಂದು ಕೇಳಿದರು. ಊರಿನಲ್ಲಿದೆ, ಕೊಲ್ಲಿಸುತ್ತೇನೆ ಎಂದೆ.

"ಮೂರ್ಖ! ಕೊಂದರೆ ಅದಕ್ಕೆ ಹುಚ್ಚಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಕಚ್ಚಿದ ದಿನದಿಂದ ಹದಿನೈದು ದಿನ ಕಣ್ಣಿಟ್ಟು ನೋಡು. ನಾಯಿ ಗಟ್ಟಿಯಾಗಿದ್ದರೆ ನೀನೂ ಗಟ್ಟಿ. ಉಣ್ಣುವುದು ಬಿಟ್ಟು, ಕತ್ತಲಲ್ಲಿ ಅಡಗಿ, ಸತ್ತರೆ..." ಎಂದು ನಿಲ್ಲಿಸಿ ಟವಲಿನಿಂದ ಕೈ ಒರೆಸಿಕೊಂಡರು. ಅಂಥದಕ್ಕೆ ತಮ್ಮಲ್ಲಿ ಮದ್ದಿಲ್ಲವಂತೆ.

ಶನಿವಾರದಿಂದ ಹದಿನೈದು ದಿನವೆಂದರೆ ಫೆಬ್ರುವರಿ ಮೂರು, ಭಾನುವಾರ. ಅಲ್ಲಿಯ ತನಕ ನನ್ನ ಪ್ರಾಣ ಒಂದು ನಾಯಿಯ ಹೊಟ್ಟೆಯಲ್ಲಿದೆ. ಥೂ! ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಮನೆಗೆ ಹೋಗಿ ಅಂಬುಜಾಗೆ ಜಾಲಿಮುಳ್ಳು ತರಚಿತೆಂದು ಹೇಳಿದೆ. "ಜಾಲಿಮುಳ್ಳು ಹೀಂಗ ನಾಲ್ಕ ಕಡಿ ತರಚತದೇನು?" ಎಂದಳು. ದೊಡ್ಡ ಜಾಲಿ ಎಂದೆ. ಮಗಳು ತೊಡೆ ಹತ್ತಲು ಬಂದಾಗ ಕಾಲು ನೋವೆಂದು ಇಳಿಸಿದೆ. ನೋವು ಅಷ್ಟೇನೂ ಇರಲಿಲ್ಲ, ನನಗೆ ಭಯವಾಗಿತ್ತು.

ಜನವರಿ ೨೩, ಬುಧವಾರ. ಕುರುಗೋಡು

ನಾಯಿ ಇದೆ. ಉಂಡಿದೆ. ಹೊಟ್ಟೆ ನೋಡಿದರೆ ನನಗಿಂತ ಚೆನ್ನಾಗಿಯೇ ಉಂಡಿದೆ, ಗುಡಾಣದ ಹಾಗಿದೆ.

ಹದಿನೈದು ದಿನ ಅದನ್ನು ಕಟ್ಟಿಹಾಕು ಎಂದು ಗುರುಬಸಮ್ಮನಿಗೆ ಹೇಳಿದೆ. ಅರವತ್ತು ದಾಟಿದ ಹೆಂಗಸು, ಮಗ ಸೊಸೆ ಬೆಳಗಾದರೆ ಜೋಳದ ಹೊಲಕ್ಕೆ, ಮನೆಯಲ್ಲಿ ಅವಳು, ಮೊಮ್ಮಗ, ನಾಯಿ.

"ಕೆಂಪೀನ ಕಟ್ಟೂದಿಲ್ರಿ. ಈಗಂತೂ ಕಟ್ಟಬಾರದ್ರಿ. ಕಟ್ಟಿದ್ರ ಸುಮ್ನಿದ್ದ ನಾಯಿಗೂ ಹುಚ್ಚ ಹಿಡೀತೈತಿ."

"ನನ್ನ ಜೀವ ಹೋದರೆ?"

"ನೀವ್ಯಾಕ ಕಳ್ಳರಂಗ ಹಿತ್ತಲಿಂದ ಬಂದ್ರಿ?" ಎಂದಳು. ಆಮೇಲೆ ಅವಳೇ ನೀರು ತಂದಿಟ್ಟು ಪಾಠ ಶುರು ಮಾಡಿದಳು. "ಆ ಬಡಿಗಿ ಬಿಟ್ಟ ಬರ್ರಿ, ಬಡಿಗಿ ಕಂಡ್ರ ನಾಯಿ ಸಿಟ್ಟಿಗೇಳ್ತಾವು. ಅದರ ಕಣ್ಣಾಗ ಕಣ್ಣಿಟ್ಟ ನೋಡಬ್ಯಾಡ್ರಿ. ರಸ್ತೇದಾಗ ನಿಂತು ನಮ್ಮ ಹೆಸರ ಹಿಡದ ಕೂಗ್ರಿ. ನಾವ ಬಂದು ನಿಮ್ಮ ಕೂಡ ಎರಡ ಮಾತ ಆಡಿದ್ದ ನೋಡಿದ್ರ, ಇಂವ ನಮ್ಮಾವ ಅಂತ ಅದು ಬಾಲ ಮುದುರಕೊಂಡ ಮಕ್ಕೋತೈತಿ."

ಊರಿನ ಹೆಂಗಸರ ಹೆಸರನ್ನೆಲ್ಲ ನಾನು ಬಾಯಿಪಾಠ ಮಾಡಬೇಕಂತೆ! ಸರ್ಕಾರಿ ನೌಕರನಿಗೆ ಇದೊಂದು ಬಾಕಿ ಇತ್ತು. ನಾಯಿ ಕಣ್ತಪ್ಪದ ಹಾಗೆ ಅವಳ ಮನೆಯ ಕಟ್ಟೆಯ ಮೇಲೆ ದಿನವಿಡೀ ಕೂಡುವುದೆಂದು ತೀರ್ಮಾನಿಸಿದೆ. ಬೇರೆ ದಾರಿಯೇ ಇಲ್ಲ.

ಜನವರಿ ೨೫, ಶುಕ್ರವಾರ

ಬೆಳಿಗ್ಗೆಯಿಂದ ಸಂಜೆಯವರೆಗೆ ನಾಯಿಯ ಮುಖ ನೋಡುವ ಉದ್ಯೋಗ. ಅದು ಆಕಳಿಸಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ನೀರು ಕುಡಿದರೆ ದೇವರಿಗೆ ಕೈ ಮುಗಿಯುತ್ತೇನೆ. ತಿರುಮಲಮ್ಮನವರು ಕೊಟ್ಟ ಬುತ್ತಿಯಲ್ಲಿ ಅರ್ಧ ಅದಕ್ಕೇ ಹೋಗುತ್ತಿದೆ. ಮೊಸರನ್ನ ಇಷ್ಟ. ಮೆಂತ್ಯದ ಹಿಟ್ಟು ಮೂಸುವುದಿಲ್ಲ, ಕೊಬ್ಬು.

ಇದರ ನಡುವೆ ಹೆಂಗಸರ ಕಾಟ. ನೀರಿಗೆ ಹೋಗುವವರೆಲ್ಲ ಕಟ್ಟೆಯ ಮುಂದೆ ನಿಂತು "ಕೆಂಪಿ ಉಂಡಳೇನ್ರಿ ಸ್ವಾಮಿ?" ಎಂದು ವಿಚಾರಿಸುತ್ತಾರೆ. ಓಣಿಯ ತುದಿಯ ಮಾಬುಬೀ ಎಂಬಾಕೆ ಕೂಸನ್ನು ಕರೆತಂದು ನನ್ನ ಪಕ್ಕದಲ್ಲೇ ಕೂರಿಸಿ, "ಹೆಂಗೂ ಖಾಲಿ ಕುಂತೀರಿ, ಇದಕ್ಕ ಸೂಜಿ ಹಾಕಿಬಿಡ್ರಿ" ಎಂದಳು. ಖಾಲಿ ಕುಂತಿದ್ದೇನಂತೆ! ಗುರುಬಸಮ್ಮ ತನ್ನ ಮೊಮ್ಮಗನನ್ನೂ ಹಿಡಿದುಕೊಟ್ಟಳು. ಒಟ್ಟು ಆರು ಮಕ್ಕಳಾದವು. ನಾಯಿಯನ್ನು ಸರಿಯಾಗಿ ನೋಡಲಿಕ್ಕೇ ಆಗಲಿಲ್ಲ.

ಜನವರಿ ೨೬, ಶನಿವಾರ

ತಹಸೀಲ್ದಾರರ ಆರ್ಡರ್ ಬಂತು.

ದುರುಗಪ್ಪ ಅದನ್ನು ಓದಿಸಿಕೊಳ್ಳಲು ನನ್ನ ಹತ್ತಿರವೇ ತಂದ. ದಾಕು ಹಾಕುವ ಜಯತೀರ್ಥಾಚಾರ್ಯರ ಅರ್ಜಿಯನ್ನು ಪರಾಂಬರಿಸಲಾಗಿ, ಕುರುಗೋಡಿನಲ್ಲಿ ಕಟ್ಟದ ನಾಯಿಗಳನ್ನೂ ಮನುಷ್ಯರನ್ನು ಕಚ್ಚಿದ ನಾಯಿಗಳನ್ನೂ ತಳವಾರನು ಕೂಡಲೇ ಕೊಲ್ಲತಕ್ಕದ್ದು. ಹದಿನೆಂಟು ದಿನ ಸುಮ್ಮನಿದ್ದು ಈಗ ಎಚ್ಚರವಾಯಿತೇ ಈ ಕಚೇರಿಗೆ? ನಾಳೆ ಬಾ ಎಂದರೆ ಬರುವ ವರ್ಷ ಬರುವವರು!

"ಕಚ್ಚಿದ ನಾಯಿ ಅಂದ್ರ ಕೆಂಪಿ ಒಂದೈತ್ರಿ" ಎಂದ ದುರುಗಪ್ಪ.

"ಅದನ್ನು ಮುಟ್ಟಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ! ಕಚ್ಚಿದ ನಾಯಿಯನ್ನು ಹದಿನೈದು ದಿನ ಕೊಲ್ಲಬಾರದೆಂದು ಕಂಟೋನ್ಮೆಂಟಿನ ಡಾಕ್ಟರ ಹುಕುಂ ಇದೆ."

"ಅರ್ಜಿ ನಿಮ್ದ ಅಲ್ರಿ?"

"ನನ್ನದೇ ಕಣೋ! ಏನೀಗ?"

ಮೂರನೆಯ ತಾರೀಖು ಕಳೆಯುವ ತನಕ ಕೆಂಪಿಯನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಕಳಿಸಿದೆ. ಮಿಕ್ಕ ನಾಯಿಗಳ ಬಗ್ಗೆ ಅವನು ಹಲಗೆ ಬಡಿದ. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ: ಸದ್ದು ಕೇಳಿದ ಕೂಡಲೆ ಇಡೀ ಓಣಿಯ ಹೆಂಗಸರು ಈ ಸಲ ನಾಯಿಗಳನ್ನು ಎಳೆದುಕೊಂಡು, ಮರಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಗುಡ್ಡ ಹತ್ತಿದರು. ಮಕ್ಕಳನ್ನು ನನ್ನ ಕಟ್ಟೆಯ ಮೇಲೆ ಬಿಟ್ಟು ಹೋದರು. "ಇವಕ್ಕೆ ಗೀರು ಹಾಕಲೇ?" ಎಂದು ಕೂಗಿದೆ. "ಹಾಕ್ರಿ, ಹಾಕ್ರಿ, ಅಳದಂಗ ನೋಡಕೊಳ್ರಿ" ಎಂದು ಗುಡ್ಡದ ಬುಡದಿಂದ ಉತ್ತರ ಬಂತು. ಹತ್ತೊಂಬತ್ತು ಮಕ್ಕಳು. ಎಲ್ಲವೂ ಒಟ್ಟಿಗೆ ಅತ್ತವು. ಸಂಜೆ ನಾಯಿಗಳ ಕೊರಳಿಗೆ ಹಗ್ಗ ಬಿಗಿದುಕೊಂಡು ಇಳಿದು ಬಂದರು. ಕಟ್ಟಿದ ನಾಯಿಗೆ ಆರ್ಡರ್ ತಾಗುವುದಿಲ್ಲ, ಇಷ್ಟು ಕಾನೂನು ಇವರಿಗೆ ಯಾರು ಕಲಿಸಿದರೋ. ನಾನಂತೂ ಗುರುಬಸಮ್ಮನ ಕಿವಿಯಲ್ಲಿ ಒಂದು ಮಾತು ಹೇಳಿದ್ದೆ, ಅಷ್ಟೇ.

ಜನವರಿ ೨೮, ಸೋಮವಾರ

ಉಂಡಿತು. ಮಲಗಿತು. ನಾನೂ ಕಟ್ಟೆಯ ಮೇಲೆ ತೂಕಡಿಸಿದೆ. ಎದ್ದಾಗ ಅದರ ತಲೆ ನನ್ನ ಪಾದದ ಮೇಲಿತ್ತು. ಸ್ನಾನಕ್ಕೆ ಹೊತ್ತು ಮೀರಿತ್ತು, ಕಾಲಷ್ಟೇ ತೊಳೆದುಕೊಂಡೆ. ತಿರುಮಲಮ್ಮನವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಜನವರಿ ೩೦, ಬುಧವಾರ

ಬೆಳಿಗ್ಗೆ ಮೊಸರನ್ನ ಮುಟ್ಟಲಿಲ್ಲ.

ಮಧ್ಯಾಹ್ನ ಹಾಲು ಇಟ್ಟೆ. ಮೂಸಿ ಮುಖ ತಿರುಗಿಸಿತು. ಬಾಯಲ್ಲಿ ಜೊಲ್ಲು. ನಿಂತಲ್ಲಿ ನಿಲ್ಲುವುದಿಲ್ಲ, ನೆಲ ಕೆರೆಯುತ್ತದೆ, ನನ್ನನ್ನು ಕಂಡರೂ ಗುರ್ರೆನ್ನುತ್ತದೆ. ಗುರುಬಸಮ್ಮ ಮೊಮ್ಮಗನನ್ನು ಕರೆದುಕೊಂಡು ಹಚ್ಚೊಳ್ಳಿಯ ಮಗಳ ಮನೆಗೆ ಹೋಗಿದ್ದಾಳೆ, ಶುಕ್ರವಾರ ಬರುತ್ತಾಳಂತೆ. ದುರುಗಪ್ಪ ಕಚೇರಿಯ ಟಪ್ಪಾಲು ಹೊತ್ತು ಬಳ್ಳಾರಿಗೆ ಹೋಗಿದ್ದಾನೆ. ಅವಳ ಮಗ ಸೊಸೆ ಹೊಲದಲ್ಲೇ ಉಳಿದಿದ್ದಾರೆ, ಓಣಿಯ ಹೆಂಗಸರ ಮುಂದೆ ಬಾಯಿ ಬಿಟ್ಟರೆ ಊರೆಲ್ಲ ಗದ್ದಲವಾದೀತು.

ಡಾಕ್ಟರು ಹೇಳಿದ ಒಂದೊಂದು ಮಾತೂ ಸರಿಹೋಗುತ್ತಿದೆ.

ಜನವರಿ ೩೧, ಗುರುವಾರ

ನಾಯಿ ಇಲ್ಲ. ಅಂಗಳ, ಕೊಟ್ಟಿಗೆ, ಬಾವಿಯ ಹಿಂದೆ, ಗುಡಿಯ ಓಣಿ, ಎಲ್ಲೂ ಇಲ್ಲ. ಕತ್ತಲಲ್ಲಿ ಅಡಗಲು ಹೋಗಿದೆ.

ಬೆಳಿಗ್ಗೆ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಕೂತು ನೋಡಿದೆ. ಕುಡಿಯಬಲ್ಲೆನೋ ಇಲ್ಲವೋ ಎಂದು. ಕುಡಿದೆ. ಮತ್ತೆ ನೋಡಿದೆ, ಮತ್ತೆ ಕುಡಿದೆ. ಹೀಗೆ ಎಂಟು ತಂಬಿಗೆ ಆದವು. ತಿರುಮಲಮ್ಮನವರು "ಏನಾಗ್ಯದೋ ನಿನಗ?" ಎಂದರು. ಏನಿಲ್ಲ ಎಂದೆ. ಅವರು ಒಳಗೆ ಹೋದ ಮೇಲೆ ಅತ್ತುಬಿಟ್ಟೆ.

ಅಂಬುಜಾಗೆ ಕಾಗದ ಬರೆದೆ. ಮುಳ್ಳಲ್ಲ, ನಾಯಿ ಎಂದು ಬರೆದೆ. ಮಗಳನ್ನು ಸಾಲೆಗೆ ಕಳಿಸು ಎಂದೆ. ನನಗೇನಾದರೂ ಆದರೆ ನನ್ನ ಹತ್ತಿರ ನೀರು ತರಬೇಡ, ನೀನೂ ಬರಬೇಡ, ಮಗುವನ್ನಂತೂ ಕರೆತರಲೇಬೇಡ ಎಂದು ಬರೆಯುವಾಗ ಮಸಿ ಚೆಲ್ಲಿತು. ಟಪ್ಪಾಲಿಗೆ ಹಾಕಿಲ್ಲ. ಎಂಟು ದಿನ ಅದರ ಮುಂದೆ ಕೂತಿದ್ದೆನಲ್ಲ, ಸಾಯುವಾಗ ಹೇಳದೆ ಹೋಯಿತಲ್ಲ ಆ ಪ್ರಾಣಿ ಎಂದು ಸಿಟ್ಟೂ ಬರುತ್ತಿದೆ.

ಫೆಬ್ರುವರಿ ೧, ಶುಕ್ರವಾರ

ದುರುಗಪ್ಪ ಬಂದ. ಬಾಗಿಲಲ್ಲೇ ಅವನ ತೋಳು ಹಿಡಿದುಕೊಂಡು ಎಲ್ಲ ಹೇಳಿದೆ: ಉಣ್ಣಲಿಲ್ಲ, ಜೊಲ್ಲು, ನೆಲ ಕೆರೆಯಿತು, ಗುರ್ರೆಂದಿತು, ಅಡಗಿತು, ನಾನು ಸತ್ತೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಬಾಯಿಗೆ ಒತ್ತಿಕೊಂಡ. ಅಳುತ್ತಿದ್ದಾನೆಂದು ತಿಳಿದೆ.

"ಸ್ವಾಮಿ... ಅಷ್ಟ ದಿನ ಅದರ ಮುಂದ ಕುಂತಿದ್ರಲ್ರಿ. ಹೊಟ್ಟಿ ನೋಡ್ಲಿಲ್ಲೇನ್ರಿ?"

"ನೋಡಿದೆ. ಚೆನ್ನಾಗಿ ಉಂಡಿತ್ತು."

"ಉಂಡ ಹೊಟ್ಟಿ ಅಲ್ರೀ ಅದು!" ಎಂದವನೇ ನಕ್ಕು ನಕ್ಕು ಹೊಸಲಿನ ಮೇಲೆ ಕುಸಿದ.

ಗುರುಬಸಮ್ಮನ ಕೊಟ್ಟಿಗೆಯ ಹಿಂದಿನ ಬಣವೆಗೆ ಕರೆದುಕೊಂಡು ಹೋದ. ಬಣವೆಯ ಬುಡದಲ್ಲಿ ಒಂದು ಬಿಲ, ಬಿಲದಲ್ಲಿ ಕೆಂಪಿ, ಕೆಂಪಿಯ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿ. ನನ್ನನ್ನು ಕಂಡು ಬಾಲದಿಂದ ಹುಲ್ಲನ್ನು ಎರಡು ಸಲ ಬಡಿಯಿತು. ಮೊದಲೇ ಹೇಳಲಿಕ್ಕೇನಾಗಿತ್ತು ಈ ಊರಿನವರಿಗೆ? ಎಲ್ಲರಿಗೂ ಗೊತ್ತಿತ್ತಂತೆ. ನನಗೂ ಗೊತ್ತಿದೆ ಎಂದುಕೊಂಡಿದ್ದರಂತೆ. ಅಷ್ಟು ಓದಿದವರು, ಇಷ್ಟು ತಿಳಿಯುವುದಿಲ್ಲವೇ ಎಂದರು, ಮಧ್ಯಾಹ್ನ ಹಚ್ಚೊಳ್ಳಿಯಿಂದ ಬಂದ ಗುರುಬಸಮ್ಮನೂ ಸೇರಿ.

ಹಾಲು ಇಟ್ಟೆ. ಒಂದು ಬೋಗುಣಿ ಪೂರಾ ಕುಡಿಯಿತು. ನಾನೂ ಅಲ್ಲೇ ಹುಲ್ಲಿನ ಮೇಲೆ ಕೂತೆ.

ಫೆಬ್ರುವರಿ ೩, ಭಾನುವಾರ

ಹದಿನೈದನೆಯ ದಿನ. ನಾಯಿ ಬದುಕಿದೆ. ನಾನೂ.

ಅಂಬುಜಾಗೆ ಬರೆದ ಕಾಗದವನ್ನು ತಿರುಮಲಮ್ಮನವರ ಬಚ್ಚಲೊಲೆಗೆ ಹಾಕಿದೆ. ದಾಕು ಹಾಕಿದ ಮಕ್ಕಳ ತೋಳುಗಳನ್ನೆಲ್ಲ ನೋಡಿಕೊಂಡು ಬಂದೆ, ಗುಳ್ಳೆಗಳು ಚೆನ್ನಾಗಿ ಎದ್ದಿವೆ. ಸಾವಂತ್ರಮ್ಮನ ಮನೆ, ಎರ್ರೆಪ್ಪನ ಮನೆ, ಮಾಬುಬೀಯ ಮನೆ, ರಸ್ತೆಯಲ್ಲಿ ನಿಂತು ಕೂಗಿದರೆ ಬಾಗಿಲು ತೆಗೆಯುತ್ತಾರೆ. ಇಷ್ಟು ಸುಲಭದ ಕೆಲಸಕ್ಕೆ ಮೊದಲು ಅಷ್ಟು ಗೋಳು ಹೊಯ್ದುಕೊಂಡರು, ಏನು ಜನವೋ. ನಾಳೆ ಗಾಡಿ ಹೇಳಿದ್ದೇನೆ. ಈ ಊರಿನ ಸಹವಾಸ ಸಾಕು.

ಫೆಬ್ರುವರಿ ೪, ಸೋಮವಾರ

ಗಾಡಿಗೆ ಪೆಟ್ಟಿಗೆ ಏರಿಸಿ, ಹೊರಡುವ ಮುಂಚೆ ಸುಮ್ಮನೆ ಬಣವೆಯ ಕಡೆ ಹೋಗಿ ಕೂತಿದ್ದೆ. ದುರುಗಪ್ಪ ದಪ್ಪ ಬಡಿಗೆ ಹಿಡಿದು ಬಂದು ನಿಂತ. ಹಿಂದೆ ಗುರುಬಸಮ್ಮ, ಸೆರಗು ಬಾಯಿಗೆ ಹಿಡಿದುಕೊಂಡು.

"ಸ್ವಾಮಿ, ನಿಮ್ಮ ಹದಿನೈದ ದಿನ ಮುಗದ್ವಲ್ರಿ. ಇನ್ನ ಈ ನಾಯಿ ಸತ್ರೂ ನಿಮ್ಮ ಜೀವಕ್ಕೇನ ಭಯ ಇಲ್ಲಲ್ರಿ." ತಲೆ ತಗ್ಗಿಸಿದ. "ಆರ್ಡರ್ ಹಂಗ ಐತ್ರಿ. ಇವತ್ತ ರಿಪೋರ್ಟ ಕೊಡಬೇಕು, ಇಲ್ಲಂದ್ರ ನನ್ನ ಕೆಲಸ ಹೋಗತೈತಿ. ಹೊಡೀಲೇನ್ರಿ?"

ಮೈಯೆಲ್ಲ ಉರಿದುಹೋಯಿತು.

"ಯಾವ ಹದಿನೈದು ದಿನ? ಇವತ್ತು ಬೆಳಿಗ್ಗೆ ಮತ್ತೆ ಕಚ್ಚಿದೆ. ಡಾಕ್ಟರ ಹುಕುಂ ಪ್ರಕಾರ ದಿನಗಳು ಮತ್ತೆ ಮೊದಲಿನಿಂದ ಎಣಿಕೆ!"

ದುರುಗಪ್ಪ ನನ್ನನ್ನು ನೋಡಿದ. ಕೆಂಪಿಯನ್ನು ನೋಡಿದ. ಅದು ನನ್ನ ಧೋತರದ ಚುಂಗಿನ ಮೇಲೆ ಗದ್ದ ಇಟ್ಟುಕೊಂಡು ಮಲಗಿತ್ತು.

"ಕಡೀತೇನ್ರಿ?"

"ಕಡಿಯಿತು."

"ಮತ್ತ ಮರಿಗಳು? ಕಟ್ಟದ ನಾಯಿ ಅಂತ ಅವೂ ಲೆಕ್ಕಕ್ಕ ಬರ್ತಾವ್ರಿ."

"ಅವೂ ಕಚ್ಚಿದವು."

"ಸ್ವಾಮಿ, ಅವಿನ್ನೂ ಕಣ್ಣ ತೆರದಿಲ್ರಿ. ಹಲ್ಲ ಬಂದಿಲ್ರಿ."

"ನಾಲ್ಕೂ ಕಚ್ಚಿದವು ಅಂದೆನಲ್ಲ! ಕಚ್ಚಿಸಿಕೊಂಡವನು ನೀನೋ ನಾನೋ?"

ಗುರುಬಸಮ್ಮ ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟಳು. ಅಳಬೇಡ, ಮರಿಗಳು ಬೆಚ್ಚುತ್ತವೆ ಎಂದು ಗದರಿಸಿದೆ. ದುರುಗಪ್ಪ ಬಡಿಗೆಯನ್ನು ಬಣವೆಗೆ ಒರಗಿಸಿ, ರಿಪೋರ್ಟನ್ನು ನೀವೇ ಬರೆದುಕೊಡಿ, ತಪ್ಪಿಲ್ಲದ ಹಾಗೆ ಬರೆಯಿರಿ ಎಂದ. ಗಾಡಿಯಿಂದ ಪೆಟ್ಟಿಗೆ ಇಳಿಸಿ ಕಾಗದ ತೆಗೆದೆ. ತಾಯಿನಾಯಿ, ಎಡಗಾಲು. ಮರಿ ಒಂದು, ಕಿರುಬೆರಳು. ಮರಿ ಎರಡು, ಉಂಗುರದ ಬೆರಳು. ಹೀಗೆ ಐದು ನಾಯಿಗಳು ನನ್ನನ್ನು ಕಚ್ಚಿರುತ್ತವಾದ್ದರಿಂದ, ಐದನ್ನೂ ಹದಿನೈದು ದಿನ ಜೀವಸಹಿತ ಕಾಪಾಡತಕ್ಕದ್ದೆಂದು ಬರೆದು, ಸಹಿ ಹಾಕಿ, ಸರ್ಕಾರಿ ಮೊಹರು ಒತ್ತಿದೆ. ಸುಳ್ಳು ರಿಪೋರ್ಟು ಬರೆದದ್ದು ಇದೇ ಮೊದಲು. ಅಕ್ಷರ ಮಾತ್ರ ದುಂಡಗೆ ಬಂದಿವೆ.

ಈಗ ಗಾಡಿಯವನು ಬೇರೆ ಹೊತ್ತಾಯಿತೆಂದು ಕೂಗುತ್ತಿದ್ದಾನೆ. ಕರ್ಮ ನೋಡು, ಇನ್ನು ಹದಿನೈದು ದಿನಕ್ಕೊಮ್ಮೆ ಈ ಹಾಳು ಊರಿಗೆ ಬಂದು ಕಚ್ಚಿಸಿಕೊಂಡು ಹೋಗದೆ ಗತಿಯಿಲ್ಲ.